ಮೈ ಸುಡುತ್ತಿದ್ದರೂ ಚಳಿ ಯಾಕೆ?

ಓದುಗರ ಪ್ರಶ್ನೆ: ಜ್ವರ ಬಂದವರ ಮೈ ಮುಟ್ಟಿದರೆ ಸುಡುತ್ತಿರುತ್ತದೆ. ಆದರೂ ಅವರು ಚಳಿ ಚಳಿ ಅಂತ ಗಡಗಡ ನಡುಗುತ್ತಾರೆ, ಕಂಬಳಿ ಕೇಳುತ್ತಾರೆ. ಮೈ ಇಷ್ಟು ಬಿಸಿ ಇರುವಾಗ ಚಳಿ ಆಗುವುದು ಹೇಗೆ? ಆಗ ಹೊದಿಸಬೇಕಾ, ಇಲ್ಲಾ ತಣ್ಣೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೈ ಒರೆಸಬೇಕಾ?

ಮೊದಲು ನೇರ ಉತ್ತರ. ಮೈ ಎಷ್ಟು ಬಿಸಿ ಇರಬೇಕು ಅಂತ ಮೆದುಳು ಒಂದು ಗುರಿ ಇಟ್ಟುಕೊಂಡಿರುತ್ತದೆ. ಮೈಯ ಬಿಸಿ ಆ ಗುರಿಗಿಂತ ಕಡಿಮೆ ಇದ್ದರೆ ನಮಗೆ ಚಳಿ, ಜಾಸ್ತಿ ಇದ್ದರೆ ಸೆಖೆ. ಜ್ವರ ಶುರುವಾಗುವಾಗ ಮೊದಲು ಮೇಲೇರುವುದು ಈ ಗುರಿ. ಮೈಯ ಬಿಸಿ ಆಮೇಲೆ ನಿಧಾನವಾಗಿ ಏರುತ್ತದೆ. ನಿನ್ನೆವರೆಗೆ 37 ಡಿಗ್ರಿ ಸೆಲ್ಸಿಯಸ್ ಸಾಕು ಅನ್ನುತ್ತಿದ್ದ ಮೆದುಳು ಈಗ 39.5 ಬೇಕು ಅನ್ನತೊಡಗುತ್ತದೆ. ಮೈ ಇನ್ನೂ 38ರಲ್ಲಿದೆ ಅಂದುಕೊಳ್ಳಿ. ಪಕ್ಕದಲ್ಲಿ ಕೂತು ಹಣೆ ಮುಟ್ಟಿ ನೋಡಿದವರಿಗೆ ಅದು ಬಿಸಿಯೇ. ಆದರೆ ಮೆದುಳಿನ ಲೆಕ್ಕದಲ್ಲಿ ಇನ್ನೂ ಒಂದೂವರೆ ಡಿಗ್ರಿ ಕಮ್ಮಿ ಇದೆ. ರೋಗಿಗೆ ಚಳಿ ಅನ್ನಿಸುವುದು ಆ ಒಂದೂವರೆ ಡಿಗ್ರಿಯಿಂದ. ಅವರು ಸುಮ್ನೆ ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಚಳಿಯಾಗುತ್ತಿರುತ್ತದೆ.

ಈ ಗುರಿಯನ್ನು ಏರಿಸುವವರು ಯಾರು ಅಂದರೆ, ನಮ್ಮದೇ ರಕ್ತದ ಬಿಳಿ ಕಣಗಳು. ವೈರಸ್ಸೋ ಬ್ಯಾಕ್ಟೀರಿಯಾನೋ ಒಳಗೆ ಬಂದದ್ದು ಗೊತ್ತಾದ ಕೂಡಲೇ ಅವು ಇಂಟರ್‌ಲ್ಯೂಕಿನ್ 1, ಇಂಟರ್‌ಲ್ಯೂಕಿನ್ 6 ಮುಂತಾದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಅಂತ ಒಂದು ಭಾಗವಿದೆ, ಸುಮಾರು 4 ಗ್ರಾಂ ತೂಕ ಅಷ್ಟೇ. ಮೈಯ ಬಿಸಿ, ಹಸಿವು, ಬಾಯಾರಿಕೆ, ನಿದ್ದೆ ಎಲ್ಲದರ ಉಸ್ತುವಾರಿ ಅದರದ್ದು. ಆ ರಾಸಾಯನಿಕಗಳು ಅಲ್ಲಿಗೆ ತಲುಪಿದಾಗ ಅಲ್ಲಿನ ರಕ್ತನಾಳಗಳಲ್ಲಿ ಪ್ರೋಸ್ಟಾಗ್ಲಾಂಡಿನ್ ಇ2 ತಯಾರಾಗುತ್ತದೆ. ಗುರಿಯನ್ನು ಮೇಲಕ್ಕೆ ತಳ್ಳುವುದು ಇದೇ. ಗೀಸರ್‌ನ ಗುಂಡಿ ತಿರುಗಿಸಿ ಬಿಸಿ ಜಾಸ್ತಿ ಮಾಡಿಟ್ಟ ಹಾಗೆ. ಗುಂಡಿ ತಿರುಗಿಸಿದ ಕ್ಷಣಕ್ಕೇ ನೀರು ಕಾಯುವುದಿಲ್ಲ ಅಲ್ವಾ? ಗುಂಡಿ ತಿರುಗಿದ ಮೇಲೆ ನೀರು ಕಾಯುವವರೆಗಿನ ಆ ಹೊತ್ತೇ ಚಳಿಯ ಹೊತ್ತು.

ಈಗ ಶರೀರ ಏನು ಮಾಡುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಬಿಸಿ ಏರಿಸಲು ಅದಕ್ಕಿರುವುದು ಎರಡೇ ದಾರಿ: ಇರುವ ಬಿಸಿ ಹೊರಗೆ ಹೋಗದಂತೆ ತಡೆಯುವುದು, ಹೊಸ ಬಿಸಿ ಹುಟ್ಟಿಸುವುದು. ಮೊದಲನೆಯದಕ್ಕಾಗಿ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ಬಿಸಿ ರಕ್ತ ಒಳಗೇ ಉಳಿಯುತ್ತದೆ. ಅದಕ್ಕೇ ಜ್ವರ ಏರುತ್ತಿರುವವರ ಎದೆ, ಹೊಟ್ಟೆ, ಕತ್ತು ಕಾದಿರುತ್ತದೆ, ಆದರೆ ಅಂಗೈ ಅಂಗಾಲು ತಣ್ಣಗಿರುತ್ತದೆ. ತುಟಿ, ಉಗುರು ಬಿಳಚಿಕೊಂಡಂತೆ ಕಾಣುತ್ತದೆ. ಮಗುವಿನ ಹಣೆ ಸುಡುತ್ತಿದೆ, ಪಾದ ಮಾತ್ರ ತಣ್ಣಗಿದೆ ಅಂತ ಎಷ್ಟೋ ತಾಯಂದಿರು ಹೆದರಿಕೊಳ್ಳುತ್ತಾರೆ. ಜ್ವರ ಇನ್ನೂ ಏರುತ್ತಿದೆ ಅನ್ನುವುದಕ್ಕೆ ಸಾಮಾನ್ಯವಾಗಿ ಅದೇ ಗುರುತು. ಆಮೇಲೆ ಮೈಮೇಲಿನ ರೋಮ ನಿಮಿರುತ್ತದೆ. ಮೈತುಂಬ ಕೂದಲಿರುವ ಪ್ರಾಣಿಗಳಲ್ಲಿ ಇದರಿಂದ ಬಿಸಿ ಗಾಳಿ ಚರ್ಮದ ಹತ್ತಿರವೇ ಉಳಿಯುತ್ತದೆ, ನಮಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಮೊಣಕಾಲು ಎದೆಗೆ ಎಳೆದುಕೊಂಡು ಮುದುಡಿ ಮಲಗುವುದೂ ಇದೇ ಕೆಲಸಕ್ಕೆ, ಗಾಳಿಗೆ ತೆರೆದುಕೊಂಡಿರುವ ಚರ್ಮ ಕಡಿಮೆಯಾಗಲಿ ಅಂತ.

ಎರಡನೆಯ ದಾರಿ ನಡುಕ. ಸ್ನಾಯುಗಳು ಕೆಲಸ ಮಾಡಿದರೆ ಬಿಸಿ ಹುಟ್ಟುತ್ತದೆ. ಓಡಿದಾಗ ಮೈ ಬಿಸಿಯಾಗುವುದು ಹಾಗೇ. ನಡುಕದಲ್ಲಿ ಸ್ನಾಯುಗಳು ಬಿಗಿದು ಸಡಿಲಾಗುತ್ತಲೇ ಇರುತ್ತವೆ, ಆದರೆ ಕೈಕಾಲು ಎಲ್ಲಿಗೂ ಹೋಗುವುದಿಲ್ಲ, ಖರ್ಚಾದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಸಾಮಾನ್ಯವಾಗಿ ದವಡೆಯಲ್ಲಿ ಶುರುವಾಗಿ ಹಲ್ಲು ಕಟಕಟ ಅನ್ನುತ್ತದೆ, ಆಮೇಲೆ ಇಡೀ ಮೈ. ಪುಟ್ಟ ಶಿಶುಗಳಿಗೆ ಹೀಗೆ ನಡುಗಲು ಬರುವುದಿಲ್ಲ. ಅವುಗಳ ಬೆನ್ನು, ಕತ್ತಿನ ಸುತ್ತ ಕಂದು ಬಣ್ಣದ ಒಂದು ವಿಶೇಷ ಕೊಬ್ಬು ಇರುತ್ತದೆ, ಅದು ಉರಿದು ನೇರವಾಗಿ ಬಿಸಿ ಕೊಡುತ್ತದೆ.

ಇಷ್ಟು ಬಿಸಿ ಹುಟ್ಟಿಸುವುದು ಶರೀರಕ್ಕೆ ದುಬಾರಿ ಕೆಲಸ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶರೀರ ಬಳಸುವ ಶಕ್ತಿ ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತದೆ, ನಾಡಿಬಡಿತವೂ ನಿಮಿಷಕ್ಕೆ ಸುಮಾರು ಹತ್ತರಷ್ಟು ಏರುತ್ತದೆ. ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಕೈಕಾಲು ಸೋತುಹೋದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಹೃದಯ ಮೊದಲೇ ದುರ್ಬಲವಾಗಿರುವವರಿಗೆ ಜ್ವರ ಜಾಸ್ತಿ ಕಾಡುವುದೂ ಇದಕ್ಕೇ.

ಮೈ ಹೊಸ ಗುರಿಯನ್ನು ಮುಟ್ಟಿದ ಮೇಲೆ ಚಳಿ ನಿಲ್ಲುತ್ತದೆ. ಇದನ್ನು ಗಮನಿಸಿ ನೋಡಿ, 39.5ರಲ್ಲಿ ಮಲಗಿರುವವರು ಸಾಮಾನ್ಯವಾಗಿ ನಡುಗುತ್ತಿರುವುದಿಲ್ಲ. 38 ಇದ್ದು ಮೇಲಕ್ಕೆ ಹೋಗುತ್ತಿರುವಾಗ ನಡುಗಿದ್ದವರು ಇವರೇ. ಆಮೇಲೆ ಸೋಂಕು ತಗ್ಗಿದಾಗಲೋ ಮಾತ್ರೆ ಕೆಲಸ ಮಾಡಿದಾಗಲೋ ಗುರಿ ಮತ್ತೆ 37ಕ್ಕೆ ಇಳಿಯುತ್ತದೆ. ಈಗ ಲೆಕ್ಕ ತಿರುಗುಮುರುಗು. ಮೈ ಬೇಕಾದ್ದಕ್ಕಿಂತ ಬಿಸಿ ಇದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಹೊದಿಕೆ ಕಾಲಿಂದ ಒದ್ದು ತಳ್ಳುತ್ತಾರೆ. ಕೆಲವರು ಬೆವರಿದರೆ ಜ್ವರ ಇಳಿಯುತ್ತದೆ ಅಂತ ರೋಗಿಗೆ ಮೂರು ಮೂರು ಕಂಬಳಿ ಹೊದಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುರಿ ಇಳಿದಿದೆ ಅನ್ನುವುದಕ್ಕೇ ಬೆವರು ಬರುವುದು. ಗುರಿ ಇನ್ನೂ ಮೇಲೇ ಇರುವಾಗ ಬಲವಂತವಾಗಿ ಬೆವರಿಸಿದರೆ ನೀರು ಕಳೆದುಹೋಗುತ್ತದೆಯೇ ಹೊರತು ಜ್ವರ ಬಿಡುವುದಿಲ್ಲ.

ಹಾಗಾದರೆ ಹೊದಿಸಬೇಕಾ ಬೇಡವಾ? ಚಳಿ ಅನ್ನುತ್ತಿರುವಾಗ ಒಂದು ತೆಳು ಹೊದಿಕೆ ಕೊಡಿ. ಅದನ್ನು ಕಿತ್ತುಕೊಂಡರೆ ಮೈ ಇನ್ನೂ ಜೋರಾಗಿ ನಡುಗಿ ಹೇಗಿದ್ದರೂ ತನಗೆ ಬೇಕಾದಷ್ಟು ಬಿಸಿ ಮಾಡಿಕೊಳ್ಳುತ್ತದೆ, ರೋಗಿಗೆ ಸುಸ್ತು ಮಾತ್ರ ಜಾಸ್ತಿ. ಚಳಿ ನಿಂತ ಕೂಡಲೇ ಹೊದಿಕೆ ತೆಗೆಯಿರಿ. ಬೆವರಿದರೆ ಒದ್ದೆ ಬಟ್ಟೆ ಬದಲಿಸಿ, ನೀರು ಕುಡಿಸಿ. ಪುಟ್ಟ ಮಕ್ಕಳನ್ನು ಮಾತ್ರ ಯಾವತ್ತೂ ದಪ್ಪ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಬೇಡಿ, ಸೆಖೆಯಾದರೆ ಹೇಳಲು ಅವಕ್ಕೆ ಬಾಯಿಲ್ಲ, ಒದ್ದು ತೆಗೆಯಲು ಶಕ್ತಿಯೂ ಇಲ್ಲ.

ತಣ್ಣೀರು ಬಟ್ಟೆಯ ವಿಷಯಕ್ಕೆ ಬಂದರೆ, ಸಾಮಾನ್ಯ ಜ್ವರಕ್ಕೆ ಅದು ಬೇಡ ಅನ್ನುವುದೇ ನನ್ನ ಖಚಿತ ಅಭಿಪ್ರಾಯ. ಮಂಜುಗಡ್ಡೆ, ಐಸ್ ನೀರು ಅಂತೂ ಬೇಡವೇ ಬೇಡ. ತಣ್ಣೀರು ಚರ್ಮವನ್ನಷ್ಟೇ ತಣ್ಣಗೆ ಮಾಡುತ್ತದೆ, ಮೆದುಳಿನ ಗುರಿ ಇದ್ದಲ್ಲೇ ಇರುತ್ತದೆ. ಚರ್ಮ ತಣ್ಣಗಾಯಿತು ಅಂತ ಸುದ್ದಿ ಹೋದ ತಕ್ಷಣ ರಕ್ತನಾಳಗಳು ಇನ್ನಷ್ಟು ಬಿಗಿಯುತ್ತವೆ, ನಡುಕ ಇನ್ನಷ್ಟು ಏರುತ್ತದೆ. ಮಗು ಕಿರುಚಿ ಅಳುತ್ತದೆ, ಅದರಿಂದ ಬಿಸಿ ಇನ್ನೂ ಹೆಚ್ಚು. ಹಿತ ಅನ್ನಿಸಿದರೆ ಹಣೆ ಮೇಲೆ ಒಂದು ಒದ್ದೆ ಬಟ್ಟೆ ಇಡಿ, ಅದರಿಂದ ತೊಂದರೆಯಿಲ್ಲ. ಆದರೆ ಅದು ಜ್ವರ ಇಳಿಸುತ್ತದೆ ಅಂತ ನಂಬಿ ಕೂರಬೇಡಿ.

ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಬೇರೆ ಕಡೆ. ಅದು ಮೆದುಳಿನಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ, ಅಂದರೆ ಗುಂಡಿಯನ್ನೇ ಕೆಳಗೆ ತಿರುಗಿಸುತ್ತದೆ. ಆಸ್ಪಿರಿನ್ ಕೆಲಸ ಮಾಡುವುದೂ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನು ತಡೆದೇ ಅಂತ ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. ಅದಕ್ಕೂ ಮೊದಲು ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಜನ ಆಸ್ಪಿರಿನ್ ನುಂಗುತ್ತಿದ್ದರು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ! ವೇನ್ ಅವರಿಗೆ ಇನ್ನಿಬ್ಬರೊಂದಿಗೆ 1982ರ ನೊಬೆಲ್ ಬಂತು. ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ದೊಡ್ಡವರು ದಿನಕ್ಕೆ ಒಟ್ಟು 4 ಗ್ರಾಂಗಿಂತ ಜಾಸ್ತಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಾರದು, ಮೀರಿದರೆ ಲಿವರ್ ಹಾಳಾಗುತ್ತದೆ. ಲಿವರ್ ತೊಂದರೆ ಇರುವವರಿಗೆ, ಕುಡಿತ ಇರುವವರಿಗೆ, ತೀರಾ ಸಣಕಲಾಗಿರುವವರಿಗೆ ಇದಕ್ಕಿಂತಲೂ ಕಡಿಮೆ. ಶೀತದ ಮಾತ್ರೆಗಳಲ್ಲೂ ಅದೇ ಪ್ಯಾರಾಸಿಟಮಾಲ್ ಸೇರಿರುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ನುಂಗುವ ಮೊದಲು ಪಟ್ಟಿಯ ಹಿಂಭಾಗ ಓದಿ. ಮಕ್ಕಳಿಗೆ ಎಷ್ಟು ಅನ್ನುವುದು ವಯಸ್ಸಿಗಿಂತ ತೂಕದ ಮೇಲೆ ನಿಲ್ಲುತ್ತದೆ, ವೈದ್ಯರನ್ನು ಕೇಳಿ. ಇನ್ನೊಂದು, ಜ್ವರಕ್ಕೆ ಅಂತ ಮಕ್ಕಳಿಗೂ ಹದಿಹರೆಯದವರಿಗೂ ಆಸ್ಪಿರಿನ್ ಕೊಡಬೇಡಿ. ರೇ ಸಿಂಡ್ರೋಮ್ ಅನ್ನುವ ಅಪರೂಪದ, ಆದರೆ ಮೆದುಳು ಮತ್ತು ಲಿವರ್‌ಗೆ ತುಂಬಾ ಅಪಾಯಕಾರಿಯಾದ ತೊಂದರೆ ಬರಬಹುದು.

ಬಿಸಿಲಿನ ಹೊಡೆತದ ವಿಷಯ ಪೂರ್ತಿ ಬೇರೆ. ಅಲ್ಲಿ ಗುರಿ 37ರಲ್ಲೇ ಇರುತ್ತದೆ. ಹೊರಗಿನ ಬಿಸಿ ಅಥವಾ ವಿಪರೀತ ದುಡಿಮೆಯಿಂದ ಮೈ ಕಾದು ಹೋಗಿ, ಬಿಸಿಯನ್ನು ಹೊರಹಾಕಲು ಆಗದೆ ಸೋತಿರುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಏನೂ ಮಾಡುವುದಿಲ್ಲ, ತಿರುಗಿಸಲು ಗುಂಡಿಯೇ ಮೇಲೇರಿಲ್ಲವಲ್ಲ. ಅಲ್ಲಿ ತಣ್ಣೀರೇ ಮದ್ದು. ಬಿಸಿಲಲ್ಲಿದ್ದವರು ಮೈ ಕಾದು, ಮಾತು ತೊದಲುತ್ತಿದ್ದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ ನೆರಳಿಗೆ ಕರೆತಂದು ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ, ಆಂಬ್ಯುಲೆನ್ಸ್ ಕರೆಯಿರಿ. ಒಂದು ಕಡೆ ಬೇಡವಾದ ತಣ್ಣೀರು ಇನ್ನೊಂದು ಕಡೆ ಜೀವ ಉಳಿಸುತ್ತದೆ, ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಇಷ್ಟು ಕಷ್ಟಪಟ್ಟು ಶರೀರ ಬಿಸಿ ಏರಿಸಿಕೊಳ್ಳುವುದರಿಂದ ಏನಾದರೂ ಲಾಭವಿದೆಯಾ? 1975ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ಕ್ಲುಗರ್ ಮತ್ತು ಜೊತೆಗಾರರು ಮರುಭೂಮಿಯ ಇಗ್ವಾನಾ ಹಲ್ಲಿಗಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ನೆನಪಿಸಿಕೊಳ್ಳಬೇಕು. ಹಲ್ಲಿಗೆ ನಮ್ಮ ಹಾಗೆ ಒಳಗಿಂದ ಮೈ ಕಾಯಿಸಿಕೊಳ್ಳಲು ಬರುವುದಿಲ್ಲ, ನಡುಗಲೂ ಬರುವುದಿಲ್ಲ. ಆದರೆ ಸೋಂಕು ತಗುಲಿದರೆ ಅದು ತಾನಾಗಿಯೇ ಹೆಚ್ಚು ಬಿಸಿಯಿರುವ ಜಾಗಕ್ಕೆ ಹೋಗಿ ಕೂರುತ್ತದೆ. ಬ್ಯಾಕ್ಟೀರಿಯಾ ಚುಚ್ಚಿದ ಹಲ್ಲಿಗಳನ್ನು ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಿದಾಗ, 34 ಡಿಗ್ರಿಯಲ್ಲಿದ್ದವು ಬಹುತೇಕ ಸತ್ತವು, 42ರಲ್ಲಿದ್ದವು ಬಹುತೇಕ ಬದುಕಿದವು. ನಾವು ಹಲ್ಲಿಗಳಲ್ಲ, ಸರಿ. ಆದರೂ ಬಿಸಿ ಏರಿದಾಗ ಕೆಲವು ರೋಗಾಣುಗಳು ಬೆಳೆಯುವುದು ನಿಧಾನವಾಗುತ್ತದೆ, ಬಿಳಿ ರಕ್ತಕಣಗಳು ಚುರುಕಾಗುತ್ತವೆ ಅನ್ನುವುದು ಮನುಷ್ಯರಲ್ಲೂ ನಿಜ. ಹಾಗಂತ ಜ್ವರ ಒಳ್ಳೆಯದು, ಮಾತ್ರೆ ಬೇಡ ಅಂತ ಹಟ ಹಿಡಿಯುವುದೂ ಸರಿಯಲ್ಲ. ಮೈಕೈ ನೋವು, ನಿದ್ದೆಯಿಲ್ಲ, ನೀರು ಕುಡಿಯಲೂ ಆಗುತ್ತಿಲ್ಲ ಅಂದರೆ ಮಾತ್ರೆ ಕೊಡಿ. ಥರ್ಮಾಮೀಟರ್ 101 ಫ್ಯಾರನ್‌ಹೀಟ್ ತೋರಿಸುತ್ತಿದೆ, ಮಗು ಮಾತ್ರ ಆಡಿಕೊಂಡಿದೆ, ನೀರು ಕುಡಿಯುತ್ತಿದೆ ಅಂದರೆ ಅಂಕಿಯನ್ನು ಇಳಿಸಲೇಬೇಕು ಅಂತ ಅದನ್ನು ನಿದ್ದೆಯಿಂದ ಎಬ್ಬಿಸಿ ಔಷಧಿ ಕುಡಿಸಬೇಕಾಗಿಲ್ಲ.

ಸಾಮಾನ್ಯ ಬಿಸಿ 98.6 ಫ್ಯಾರನ್‌ಹೀಟ್ ಅನ್ನುವ ಲೆಕ್ಕ ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಅವರು 1868ರಲ್ಲಿ ಪ್ರಕಟಿಸಿದ್ದು. ಅದೊಂದು ಸರಾಸರಿ ಅಷ್ಟೇ. ಬೆಳಗಿನ ಜಾವ ಮೈ ಅದಕ್ಕಿಂತ ತಣ್ಣಗೆ, ಸಂಜೆ ಸ್ವಲ್ಪ ಬಿಸಿ ಇರುತ್ತದೆ. 99 ಕಂಡ ಕೂಡಲೇ ಗಾಬರಿ ಬೇಡ. 38 ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಜ್ವರ ಅನ್ನುತ್ತಾರೆ.

ಜ್ವರ ಏರಿ ಏರಿ ಮೆದುಳು ಸುಟ್ಟುಹೋಗುತ್ತದಾ ಅಂತ ತುಂಬಾ ಜನ ಹೆದರುತ್ತಾರೆ. ಸೋಂಕಿನ ಜ್ವರ 41 ಸೆಲ್ಸಿಯಸ್ ದಾಟುವುದು ಅಪರೂಪ, ಯಾಕೆಂದರೆ ಗುರಿಯನ್ನು ಏರಿಸಿದ ಮೆದುಳೇ ಅದಕ್ಕೊಂದು ಮಿತಿಯನ್ನೂ ಹಾಕುತ್ತದೆ. 6 ತಿಂಗಳಿಂದ 5 ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡುವವರ ಜೀವವೇ ಬಾಯಿಗೆ ಬರುತ್ತದೆ ನಿಜ, ಆದರೆ ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ, ಮೆದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯೊಳಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ. ಮೊದಲ ಸಲ ಬಂದಿದ್ದರೆ ನಿಂತ ಮೇಲೂ ವೈದ್ಯರಿಗೆ ತೋರಿಸಿ.

ಹಾಸಿಗೆಯೇ ಅಲ್ಲಾಡುವಷ್ಟು ಜೋರು ನಡುಕ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೇರಿಯಾದಲ್ಲಿ ಪರೋಪಜೀವಿಗಳು ಕೆಂಪು ರಕ್ತಕಣಗಳನ್ನು ಒಟ್ಟೊಟ್ಟಿಗೆ ಒಡೆದುಕೊಂಡು ಹೊರಬರುತ್ತವೆ, ಆಗ ಗುರಿ ಒಮ್ಮೆಗೇ ಮೇಲೆ ಹಾರುತ್ತದೆ. ವೈವಾಕ್ಸ್ ಜಾತಿಯದ್ದಾದರೆ ಇದು ಸುಮಾರು 48 ಗಂಟೆಗೊಮ್ಮೆ, ಅದಕ್ಕೇ ದಿನ ಬಿಟ್ಟು ದಿನ ಚಳಿಜ್ವರ. ಕಿಡ್ನಿಯ ಸೋಂಕು, ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕೂಡ ಹೀಗೇ ನಡುಗಿಸುತ್ತವೆ. ಇವು ಮನೆಯಲ್ಲಿ ಮಾತ್ರೆ ನುಂಗಿ ಕಾಯುವ ಜ್ವರಗಳಲ್ಲ, ರಕ್ತ ಪರೀಕ್ಷೆ ಬೇಕು. 3 ತಿಂಗಳೊಳಗಿನ ಶಿಶುವಿಗೆ 38 ಸೆಲ್ಸಿಯಸ್ ಬಂದರೆ ಅದೇ ದಿನ ತೋರಿಸಬೇಕು, ನಾಳೆ ನೋಡೋಣ ಅನ್ನುವ ಮಾತಿಲ್ಲ. ಕತ್ತು ಬಗ್ಗಿಸಲು ಆಗದಿದ್ದರೆ, ಉಸಿರಾಟ ಕಷ್ಟವಾಗುತ್ತಿದ್ದರೆ, ಮಾತು ಅಡ್ಡಾದಿಡ್ಡಿಯಾಗಿದ್ದರೆ, ಮೂತ್ರ ತೀರಾ ಕಮ್ಮಿಯಾದರೆ, ಒತ್ತಿದರೂ ಮಾಸದ ಕೆಂಪು ಕಲೆಗಳು ಮೈಮೇಲೆ ಕಂಡರೆ ಯಾವ ವಯಸ್ಸಿನವರಾದರೂ ಕಾಯಬಾರದು. ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರಿಗೆ ಬರೀ ಜ್ವರವೇ ತುರ್ತು.

ಕೊನೆಯದಾಗಿ ಡೆಂಗ್ಯೂ. ಅನುಮಾನವಿದ್ದಾಗ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಮತ್ತೆ ಅಲ್ಲಿ ಜ್ವರ ಬಿಟ್ಟಿತು ಅಂತ ಮನೆಯವರು ನೆಮ್ಮದಿಯಾಗುವ ಹೊತ್ತಿಗೇ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಕೆಲವರಲ್ಲಿ ರಕ್ತನಾಳಗಳಿಂದ ನೀರು ಸೋರಿ ಬಿಪಿ ಬೀಳತೊಡಗುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಎದ್ದು ಕೂರಲೂ ಆಗದ ಸುಸ್ತು ಕಂಡರೆ ಥರ್ಮಾಮೀಟರ್ 98 ತೋರಿಸುತ್ತಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.