ದಪ್ಪ ಆಯಿಲ್ ಹಾಕಿದರೆ ಹಳೇ ಇಂಜಿನ್‌ನ ಟಕಟಕ ನಿಲ್ಲುತ್ತಾ?

ಪ್ರಶ್ನೆ: ನನ್ನದು ಹದಿನಾಲ್ಕು ವರ್ಷದ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್‌ನಿಂದ ಟಕಟಕ ಅಂತ ಶಬ್ದ ಬರುತ್ತೆ. ಸ್ವಲ್ಪ ದೂರ ಓಡಿಸಿದ ಮೇಲೆ ಕಡಿಮೆ ಆಗುತ್ತೆ. ಟ್ಯಾಪೆಟ್ ಸೌಂಡ್ ಅದು, ಅಂದ್ರೆ ಇಂಜಿನ್ ವಾಲ್ವ್ ಒತ್ತುವ ಭಾಗದ್ದು, ಸ್ವಲ್ಪ ದಪ್ಪ ಆಯಿಲ್ ಹಾಕಿಸು ಸರಿ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಹಾಕಿಸಲಾ?

ಬೇಡ. ಹಾಕಿಸಬೇಡಿ.

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅಂದರೆ, ಮೊದಲ ಸಾಲು ಓದುವಾಗಲೇ ಕೊನೆಯ ಸಾಲು ಏನಿರುತ್ತದೆ ಅಂತ ಗೊತ್ತಾಗುತ್ತದೆ. ಕಾರು ಬೇರೆ, ವಯಸ್ಸು ಬೇರೆ, ಶಬ್ದವೂ ಬೇರೆ. ಒಬ್ಬರಿಗೆ ಟಕಟಕ, ಇನ್ನೊಬ್ಬರಿಗೆ ಚಿಟಿಚಿಟಿ, ಮತ್ತೊಬ್ಬರಿಗೆ ಗಡಗಡ. ಔಷಧಿ ಮಾತ್ರ ಎಲ್ಲರಿಗೂ ಒಂದೇ, ದಪ್ಪ ಆಯಿಲ್. ಅದಕ್ಕೇ ಈ ಸಲ ಕೂತು ಉದ್ದಕ್ಕೇ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕೊಟ್ಟು ಸುಮ್ಮನಾಗುತ್ತೇನೆ.

ನಿಮ್ಮ ಪ್ರಶ್ನೆಯನ್ನು ನೀವೇ ಇನ್ನೊಮ್ಮೆ ಓದಿ. ಇಂಜಿನ್ ತಣ್ಣಗಿದ್ದಾಗ ಶಬ್ದ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ಈಗ ಹೇಳಿ, ಆಯಿಲ್ ಯಾವಾಗ ದಪ್ಪ ಇರುತ್ತದೆ? ತಣ್ಣಗಿದ್ದಾಗ. ಸಾಮಾನ್ಯವಾಗಿ ಸಿಗುವ 10ಡಬ್ಲ್ಯೂ-40 ಆಯಿಲ್ ತಗೊಳ್ಳಿ, 100 ಡಿಗ್ರಿ ಬಿಸಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಅದು ಸುಮಾರು 6–7 ಪಟ್ಟು ದಪ್ಪ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಇನ್ನೂ ಜಾಸ್ತಿ. ಅಂದರೆ ಪ್ರತಿದಿನ ಬೆಳಿಗ್ಗೆ ನಿಮ್ಮ ಇಂಜಿನ್‌ನಲ್ಲಿ ದಪ್ಪ ಆಯಿಲ್ಲೇ ಇರುತ್ತದೆ, ದುಡ್ಡು ಕೊಡದೆ. ದಪ್ಪ ಆಯಿಲ್ ಮದ್ದು ಅಂತಾದರೆ ಬೆಳಿಗ್ಗೆ ಶಬ್ದವೇ ಇರಬಾರದಿತ್ತು, ಅಲ್ವಾ? ಆಗುತ್ತಿರುವುದು ಉಲ್ಟಾ. ಆಯಿಲ್ ತೆಳ್ಳಗಾದ ಮೇಲೆ ಶಬ್ದ ನಿಲ್ಲುತ್ತಿದೆ. ಇದನ್ನು ಹೇಳಿದಾಗ ಜನ ಒಂದು ನಿಮಿಷ ಸುಮ್ಮನಿರುತ್ತಾರೆ, ಆಮೇಲೆ "ಆದ್ರೂ ಎಲ್ಲರೂ ಹೇಳ್ತಾರಲ್ಲ" ಅನ್ನುತ್ತಾರೆ.

ಎಲ್ಲರೂ ಹೇಳುವುದಕ್ಕೆ ಕಾರಣ ಇದೆ. ಸವೆದ ಇಂಜಿನ್‌ನಲ್ಲಿ ಭಾಗಗಳ ನಡುವಿನ ಸಂದು ದೊಡ್ಡದಾಗಿರುತ್ತದೆ, ದಪ್ಪ ಆಯಿಲ್ ಅಲ್ಲಿ ಮೆತ್ತೆಯ ಹಾಗೆ ಕೂತು ಬಡಿತದ ಸದ್ದನ್ನು ಸ್ವಲ್ಪ ನುಂಗುತ್ತದೆ. ಕಿವಿಗೆ ಹಿತ. ಆದರೆ ಸವೆದದ್ದು ಸವೆದೇ ಇದೆ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅದು. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಕೆಲವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು.

ಇನ್ನೊಂದು ವಾದ ಬರುತ್ತದೆ, "ದಪ್ಪ ಆಯಿಲ್ ಹಾಕಿದ್ರೆ ಪ್ರೆಷರ್ ಜಾಸ್ತಿ ಬರುತ್ತೆ". ಬರುತ್ತದೆ, ಸುಳ್ಳಲ್ಲ. ಆದರೆ ಪ್ರೆಷರ್ ಅಂದರೇನು? ಆಯಿಲ್ ಹರಿಯಲು ಎಷ್ಟು ಕಷ್ಟಪಡುತ್ತಿದೆ ಅನ್ನುವ ಲೆಕ್ಕ. ಬೇರಿಂಗ್‌ಗೆ ಬೇಕಾದದ್ದು ಹರಿವು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಅನ್ನುವ ದಂಡ ಮತ್ತು ಅದರ ಬೇರಿಂಗ್ ನಡುವಿನ ಸಂದು ಸಾಮಾನ್ಯವಾಗಿ 0.02ರಿಂದ 0.07 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಲೆಕೂದಲಿನಷ್ಟು ಅಂದುಕೊಳ್ಳಿ. ಅಷ್ಟರೊಳಗೆ ಆಯಿಲ್ ನುಗ್ಗಬೇಕು, ಪದರ ಕಟ್ಟಬೇಕು, ಬಿಸಿಯನ್ನು ಹೊತ್ತುಕೊಂಡು ಹೊರಗೆ ಬರಬೇಕು. ತೀರಾ ದಪ್ಪ ಆಯಿಲ್ ಹಾಕಿ ಪ್ರೆಷರ್ ಏರಿದರೆ ಪಂಪ್‌ನ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್ಲನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಮೀಟರ್‌ನಲ್ಲಿ ಮುಳ್ಳು ಮೇಲೆ, ಇಂಜಿನ್‌ನ ತಲೆಯಲ್ಲಿರುವ ಕ್ಯಾಮ್‌ಗೆ, ಅಂದರೆ ತಿರುಗುತ್ತಾ ವಾಲ್ವ್‌ಗಳನ್ನು ತೆರೆಸುವ ದಂಡಕ್ಕೆ, ಆಯಿಲ್ ತಲುಪುವುದು ಮಾತ್ರ ತಡ. ನಿಮ್ಮ ಟಕಟಕ ಬರುತ್ತಿರುವುದು ಬಹುಶಃ ಅಲ್ಲಿಂದಲೇ. ಮದ್ದು ಯಾವ ಕಡೆ ಕೆಲಸ ಮಾಡುತ್ತಿದೆ ನೋಡಿ.

ಹಾಗಂತ ಆಯಿಲ್ ಗ್ರೇಡ್ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಹಳೇ ಕಾರುಗಳ ಮ್ಯಾನುಯಲ್‌ನಲ್ಲಿ ಹವಾಮಾನಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ, ಅದರಲ್ಲಿ ಯಾವುದನ್ನು ಹಾಕಿದರೂ ತಪ್ಪಿಲ್ಲ. ಡಬ್ಬಿಯ ಮೇಲಿನ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಆಮೇಲೆ ಬರುವುದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅನ್ನುವುದಕ್ಕೆ. 30 ಇದ್ದಲ್ಲಿ ಮ್ಯಾನುಯಲ್ ನೋಡಿ 40 ಹಾಕುವುದು ಒಂದು ಮಾತು. ಯಾರೋ ಹೇಳಿದರು ಅಂತ 50, ಅದರ ಮೇಲೆ ಜೇನುತುಪ್ಪದಂಥ ಒಂದು ಬಾಟಲಿ ಅಡಿಟಿವ್ ಸುರಿಯುವುದು ಬೇರೆಯದೇ ಮಾತು.

ಸರಿ, ಹಾಗಾದರೆ ಏನು ಮಾಡಬೇಕು? ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ನಗಬೇಡಿ. ಶಬ್ದದ ಪುರಾಣ ಎರಡು ಪುಟ ಬರೆದವರು ಆಯಿಲ್ ಮಟ್ಟ ನೋಡಿರುವುದಿಲ್ಲ. ಬಹಳ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ವ್ಯತ್ಯಾಸ ಇರುತ್ತದೆ. ಹಳೇ ಇಂಜಿನ್ ಆಯಿಲ್ ಕುಡಿಯುತ್ತದೆ, ಸೋರುತ್ತದೆ, ನೀವು ನೋಡುವುದಿಲ್ಲ. ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಹತ್ತಲಿಲ್ಲ ಅಂತ ಧೈರ್ಯವಾಗಿರಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ಪ್ರೆಷರ್‌ನ ದೀಪ, ಮಟ್ಟದ್ದಲ್ಲ. ಪ್ರೆಷರ್ ತೀರಾ ತಳ ಹಿಡಿದ ಮೇಲೆ ಅದು ಹತ್ತುತ್ತದೆ. ಅಷ್ಟು ಹೊತ್ತಿಗೆ ಬೇರಿಂಗ್‌ನ ಕತೆ ಮುಗಿಯುತ್ತಾ ಬಂದಿರಬಹುದು.

ಮಟ್ಟ ಸರಿ ಇದ್ದರೆ, ಶಬ್ದ ಎಷ್ಟು ಹೊತ್ತು ಇರುತ್ತದೆ ಅಂತ ನೋಡಿ. ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡ್ ಮಾತ್ರ ಗರ್ ಅಂದು ನಿಂತರೆ ಆಯಿಲ್ ಫಿಲ್ಟರ್ ಮೇಲೆ ಅನುಮಾನ ಪಡಿ. ಬಹಳಷ್ಟು ಫಿಲ್ಟರ್‌ಗಳ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ಇಂಜಿನ್ ನಿಂತಾಗ ಆಯಿಲ್ ಕೆಳಗೆ ಇಳಿದು ಹೋಗದ ಹಾಗೆ ತಡೆಯುವುದು ಅದರ ಕೆಲಸ. ಕಳಪೆ ಫಿಲ್ಟರ್‌ನಲ್ಲಿ ಅದು ಗಟ್ಟಿಯಾಗಿ ಮುಚ್ಚುವುದೇ ಇಲ್ಲ. ಬೆಳಿಗ್ಗೆ ಇಂಜಿನ್ ಖಾಲಿ ನಾಳಗಳನ್ನು ಹೊಸದಾಗಿ ತುಂಬಿಕೊಳ್ಳಬೇಕು. ಕ್ಯಾಮ್ ತಿರುಗಿಸಲು ಚೈನ್ ಇರುವ ಇಂಜಿನ್ ಆದರೆ, ಆಯಿಲ್ ಪ್ರೆಷರ್‌ನಿಂದಲೇ ಬಿಗಿಯಾಗುವ, ಚೈನ್ ಎಳೆದು ಹಿಡಿಯುವ ಟೆನ್ಶನರ್ ಕೂಡ ಆ ಎರಡು ಸೆಕೆಂಡ್ ಸಡಿಲ ಇರುತ್ತದೆ. ಫಿಲ್ಟರ್ ಬದಲಿಸಿದ ಮೇಲೂ ಚೈನ್‌ನ ಗರಗರ ಉಳಿದರೆ ಅದನ್ನು ಮುಂದೂಡಬೇಡಿ. ಚೈನ್ ಹಲ್ಲು ಜಿಗಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಶಬ್ದ ನಿಮಿಷಗಟ್ಟಲೆ ಇದ್ದರೆ ಅದರ ಲಯ ಕೇಳಿ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾಕೆಂದರೆ ಇದಕ್ಕೆ ಯಾವ ಸಾಮಾನೂ ಬೇಡ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಇಂಜಿನ್ 800 ಆರ್‌ಪಿಎಂನಲ್ಲಿ ಸುಮ್ನೆ ಓಡುತ್ತಿದ್ದರೆ ಕ್ಯಾಮ್ ನಿಮಿಷಕ್ಕೆ 400 ಸಲ ಸುತ್ತುತ್ತದೆ, ಅಂದರೆ ಒಂದು ವಾಲ್ವ್ ಬಡಿಯುತ್ತಿದ್ದರೆ ಸೆಕೆಂಡಿಗೆ ಆರೇಳು ಟಕ್. ಬಾಯಲ್ಲಿ ಟಕಟಕಟಕ ಅಂತ ಅದರ ಜೊತೆಗೇ ಹೇಳುತ್ತಾ ಹೋಗಬಹುದು. ಕ್ರ್ಯಾಂಕ್‌ನ ಕಡೆಯದು ಸೆಕೆಂಡಿಗೆ ಹದಿಮೂರರ ಹತ್ತಿರ, ನಾಲಿಗೆ ಹೊರಳುವುದಿಲ್ಲ. ನಾಲಿಗೆ ಸಿಕ್ಕಿಹಾಕಿಕೊಂಡಿತು, ಸದ್ದು ಬೇರೆ ಆಳದಿಂದ ಢಕಢಕ ಅಂತಿದೆ, ಬಿಸಿಯಾದಷ್ಟೂ ಜಾಸ್ತಿ ಆಗುತ್ತಿದೆ ಅಂದರೆ ಅದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಇರಬಹುದು. ಇಂಜಿನ್ ಆಫ್ ಮಾಡಿ. ಗ್ಯಾರೇಜ್‌ವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಇದೊಂದು ಶಬ್ದದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ.

ನಿಮ್ಮದು ಹಾಗಿಲ್ಲ. ತಣ್ಣಗಿದ್ದಾಗ ಟಿಕ್, ಬಿಸಿಯಾದ ಮೇಲೆ ಮಾಯ. ಇದಕ್ಕೆ ಎಲ್ಲರೂ ಟ್ಯಾಪೆಟ್ ಅನ್ನುತ್ತಾರೆ, ನಾನೂ ಅಂದಿದ್ದೆ. ನನ್ನ ಹಳೇ ಕಾರಿನಲ್ಲಿ ಇಂಥದ್ದೇ ಶಬ್ದಕ್ಕೆ ನಾನೇ ಎರಡು ಸಲ ಟ್ಯಾಪೆಟ್ ಸೆಟ್ ಮಾಡಿದೆ, ಎರಡನೇ ಸಲ ಮೊದಲನೆಯದಕ್ಕಿಂತ ಭಕ್ತಿಯಿಂದ. ಶಬ್ದ ಹಾಗೇ ಇತ್ತು. ಕೊನೆಗೆ ನೋಡಿದರೆ ಇಂಜಿನ್‌ನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪೈಪನ್ನು ಬಿಗಿಯುವ ಒಂದು ಸ್ಟಡ್ ಮುರಿದಿತ್ತು. ತಣ್ಣಗಿರುವಾಗ ಅಲ್ಲಿ ಕೂದಲೆಳೆಯಷ್ಟು ಸಂದು, ಅದರಿಂದ ಹೊಗೆ ಪ್ರತಿ ಸಲ ಟಿಕ್ ಟಿಕ್ ಅಂತ ಚಿಮ್ಮುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಗೆ ಬರುವುದೂ ವಾಲ್ವ್ ತೆರೆದಾಗಲೇ, ಹಾಗಾಗಿ ಲಯವೂ ಟ್ಯಾಪೆಟ್‌ನದ್ದೇ. ಮೇಲೆ ಹೇಳಿದ ನನ್ನ ಇಷ್ಟದ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ನೋಡಬೇಕಾದದ್ದು ಕಣ್ಣಲ್ಲಿ: ಮ್ಯಾನಿಫೋಲ್ಡ್ ಹೆಡ್‌ಗೆ, ಅಂದರೆ ಇಂಜಿನ್‌ನ ತಲೆಗೆ ಸೇರುವ ಕಡೆ ಕಪ್ಪು ಮಸಿಯ ಗೆರೆ ಇದೆಯಾ ಅಂತ. ಒಂದು ಉದ್ದ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಅಲ್ಲಲ್ಲಿ ಹಿಡಿದರೆ ಸೋರುವ ಜಾಗದಲ್ಲಿ ಚುಸ್ ಚುಸ್ ಅಂತ ಜೋರಾಗಿ ಕೇಳುತ್ತದೆ. ಫ್ಯಾನ್ ಮತ್ತು ಬೆಲ್ಟ್‌ನಿಂದ ಪೈಪು, ತೋಳು, ಕೂದಲು ಎಲ್ಲವೂ ದೂರ ಇರಲಿ.

ಅಲ್ಲಿ ಏನೂ ಇಲ್ಲದಿದ್ದರೆ ಆಗ ಟ್ಯಾಪೆಟ್ ಕಡೆ ಬನ್ನಿ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ವಾಲ್ವ್ ಕವರ್ ಮೇಲಿಟ್ಟು ಹಿಡಿಗೆ ಕಿವಿಗೊಟ್ಟರೆ ಯಾವ ಸಿಲಿಂಡರ್ ಅಂತ ತಿಳಿಯುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳೂ ಟಿಕ್ ಟಿಕ್ ಅನ್ನುತ್ತವೆ, ಅದು ಅವುಗಳ ಸಹಜ ಶಬ್ದ, ಗಾಬರಿ ಬೇಡ. ನಿಮ್ಮದು ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ಆಯಿಲ್ ತುಂಬಿಕೊಂಡು ಸಂದನ್ನು ತಾನೇ ಸರಿ ಮಾಡಿಕೊಳ್ಳುವಂಥದ್ದು ಆದರೆ ರಾತ್ರಿ ಅದರೊಳಗಿನ ಆಯಿಲ್ ಇಳಿದು ಹೋಗಿರುತ್ತದೆ, ಬೆಳಿಗ್ಗೆ ತುಂಬಿಕೊಳ್ಳುವವರೆಗೆ ಬಡಿಯುತ್ತದೆ. ಒಳಗೆ ಜಿಡ್ಡು ಕಟ್ಟಿದ್ದರೆ ತುಂಬಿಕೊಳ್ಳುವುದು ತಡವಾಗುತ್ತದೆ. ಇದಕ್ಕೆ ಬೇಕಾದದ್ದು ಸರಿಯಾದ ಗ್ರೇಡ್‌ನ ಹೊಸ ಆಯಿಲ್, ಒಳ್ಳೇ ಫಿಲ್ಟರ್, ಮತ್ತು ಮುಂದಿನ ಆಯಿಲ್ ಚೇಂಜ್ ಸ್ವಲ್ಪ ಬೇಗ. ದಪ್ಪ ಆಯಿಲ್ ಆ ಸಣ್ಣ ತೂತಿನಲ್ಲಿ ಇನ್ನೂ ನಿಧಾನ ಹೋಗುತ್ತದೆ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಉಳಿದ ಶಬ್ದಗಳನ್ನು ಬೇಗ ಮುಗಿಸುತ್ತೇನೆ. ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಶಬ್ದ ಬರದೆ, ಓಡುವಾಗ ಮಾತ್ರ ಬಂದರೆ ಚಕ್ರದ ಕಡೆ ನೋಡಿ. ಕಿರ್ರ್ ಅನ್ನುವುದು ಬೆಲ್ಟ್. ತಗಡು ನಡುಗಿದ ಹಾಗಿದ್ದರೆ ಸೈಲೆನ್ಸರ್ ಪೈಪಿನ ಹೀಟ್ ಶೀಲ್ಡ್ ಸಡಿಲ ಆಗಿರುತ್ತದೆ, ಒಂದು ಕ್ಲಿಪ್ ಹಾಕಿದರೆ ಆಯಿತು.

ಇನ್ನೊಂದು, ದಯವಿಟ್ಟು ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿ ಕಳಿಸಿ "ಏನಿದು" ಅಂತ ಕೇಳಬೇಡಿ. ಫೋನು ಮನುಷ್ಯನ ಮಾತು ಹಿಡಿಯಲು ಮಾಡಿದ್ದು, ಆಳದ ಸದ್ದನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಎಲ್ಲ ಇಂಜಿನ್ನೂ ಅದರಲ್ಲಿ ಹೊಲಿಗೆ ಯಂತ್ರದ ಹಾಗೇ ಕೇಳುತ್ತದೆ. ಅದರ ಬದಲು ಹಿಂದಿನ ದಿನ ಸಂಜೆಯೇ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಬನ್ನಿ. "ಗ್ಯಾರೇಜಿಗೆ ಹೋದ ತಕ್ಷಣ ಶಬ್ದ ನಿಂತು ಹೋಗುತ್ತೆ" ಅಂತ ಗೊಣಗುವವರೆಲ್ಲ ಅಲ್ಲಿಗೆ ಕಾರನ್ನು ಓಡಿಸಿಕೊಂಡೇ ಹೋಗಿರುತ್ತಾರೆ, ಇಂಜಿನ್ ಬಿಸಿಯಾಗಿರುತ್ತದೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಉಳಿಯುತ್ತದೆ. ಟ್ಯಾಪೆಟ್ ಶಬ್ದ ತಾನಾಗಿಯೇ ನಿಂತುಹೋದರೆ? ಎಲ್ಲರೂ ಖುಷಿ ಪಡುತ್ತಾರೆ. ಹೈಡ್ರಾಲಿಕ್ ಅಲ್ಲದ, ಕೈಯಲ್ಲಿ ಸೆಟ್ ಮಾಡುವ ಟ್ಯಾಪೆಟ್ ಇದ್ದರೆ ನಾನು ಖುಷಿ ಪಡುವುದಿಲ್ಲ. ವಾಲ್ವ್ ಮುಚ್ಚುವಾಗ ಕೂರುವ ಜಾಗ ಅದರ ಸೀಟು; ಅದನ್ನು ಬಡಿದು ಬಡಿದು ವಾಲ್ವ್ ಸ್ವಲ್ಪ ಸ್ವಲ್ಪವೇ ಒಳಗೆ ಕೂರುತ್ತದೆ, ಆಗ ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಬಿಟ್ಟಿರುವ ಸಂದು ಕಡಿಮೆಯಾಗುತ್ತಾ ಬರುತ್ತದೆ, ಶಬ್ದವೂ. ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿಗೆ ತಾಗಿಯೇ ಇಳಿಸಿಕೊಳ್ಳುವುದು. ತಾಗದಿದ್ದರೆ ಅಂಚು ಸುಡುತ್ತದೆ, ಕಂಪ್ರೆಶನ್ ಹೋಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಸ್ವಲ್ಪ ಟಕಟಕ ಅನ್ನುವ ಟ್ಯಾಪೆಟ್ ಇರಲಿ, ಪೂರ್ತಿ ಮೌನವಾದದ್ದು ಬೇಡ ಅಂತ ಹಳೇ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ಎಕ್ಸಾಸ್ಟ್ ಕಡೆಯ ಸಂದು ಇನ್‌ಟೇಕ್‌ಗಿಂತ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ನಿಮ್ಮ ಕಾರಿನ ಅಳತೆ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಕಳೆದ ಸಲ ಅದನ್ನು ಯಾವಾಗ ನೋಡಿಸಿದ್ದು ಅಂತ ನೆನಪಿಲ್ಲದಿದ್ದರೆ, ಮೆಕ್ಯಾನಿಕ್ ಆ ಮಸಿಯ ಗೆರೆ ಹುಡುಕುವ ಬೆಳಿಗ್ಗೆಯೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆಯಲು ಹೇಳಿ. ಬಹಳಷ್ಟು ಇಂಜಿನ್‌ಗಳಲ್ಲಿ ತಣ್ಣಗಿದ್ದಾಗಲೇ ಅಳೆಯಬೇಕು, ಸ್ಟಾರ್ಟ್ ಮಾಡುವ ಮೊದಲೇ ಅಳೆಯಲಿ.