ಪರಮಪ್ರಸಾದದ ಹಬ್ಬಕ್ಕೆ ಕಾರಣರಾದ ಸಂತ ಜೂಲಿಯಾನಾ

ಪರಮಪ್ರಸಾದ ಎಂದರೆ ಪೂಜೆಯಲ್ಲಿ ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿ. ಅದರ ಹಬ್ಬವನ್ನು ಇಡೀ ಕಥೋಲಿಕ ಧರ್ಮಸಭೆಗೆ ಕೊಟ್ಟವರು ಪೋಪ್ ನಾಲ್ಕನೇ ಉರ್ಬನ್, 1264ರಲ್ಲಿ. ಪುಸ್ತಕಗಳಲ್ಲಿ ಹೀಗೇ ಇರುತ್ತದೆ, ಅದು ನಿಜವೂ ಹೌದು. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಇಂಥ ಹಬ್ಬ ಬೇಕು ಎಂದು ಕೊರಗಿದವರು ಒಬ್ಬ ಕನ್ಯಾಸ್ತ್ರೀ.

ಜೂಲಿಯಾನಾ ಹುಟ್ಟಿದ್ದು 1192ರ ಸುಮಾರಿಗೆ, ಇಂದಿನ ಬೆಲ್ಜಿಯಂನ ಲಿಯೇಜ್ ಹತ್ತಿರ. ಐದು ವರ್ಷಕ್ಕೇ ಅಪ್ಪ ಅಮ್ಮ ಇಬ್ಬರೂ ಇಲ್ಲವಾದರು. ಸೋದರಿ ಆಗ್ನೆಸ್ ಜೊತೆ ಅವರನ್ನು ಕಾರ್ನಿಯೋನ್ ಗುಡ್ಡದ ಮಠಕ್ಕೆ ಸೇರಿಸಿದರು. ಅಲ್ಲಿ ಕುಷ್ಠರೋಗಿಗಳ ಆರೈಕೆ ನಡೆಯುತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಪ್ರಾರ್ಥನೆಯ ವೇಳೆ ಅವರಿಗೊಂದು ದರ್ಶನವಾಯಿತು: ಪೂರ್ಣ ಚಂದ್ರ, ಅದಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಅದು ಮತ್ತೆ ಮತ್ತೆ ಬಂತು. ಚಂದ್ರ ಎಂದರೆ ಭೂಮಿಯ ಮೇಲಿನ ಧರ್ಮಸಭೆ, ಆ ಕಪ್ಪು ಪಟ್ಟಿ ಎಂದರೆ ಪರಮಪ್ರಸಾದಕ್ಕೆಂದೇ ಒಂದು ಹಬ್ಬ ಇಲ್ಲದ ಕೊರತೆ ಎಂದು ಅವರಿಗೆ ಆಮೇಲೆ ತಿಳಿಯಿತು.

ಕೊರತೆ ಹೇಗೆ, ಯೇಸು ಕೊನೆಯ ಭೋಜನದಲ್ಲಿ ಪರಮಪ್ರಸಾದ ಕೊಟ್ಟದ್ದನ್ನು ನೆನೆಯುವ ಪವಿತ್ರ ಗುರುವಾರ ಇತ್ತಲ್ವಾ? ಇತ್ತು. ಆದರೆ ಮರುದಿನವೇ ಶುಭ ಶುಕ್ರವಾರ, ಮನಸ್ಸೆಲ್ಲ ಯೇಸುವಿನ ಯಾತನೆಯ ಕಡೆಗೆ. ಸಂತೋಷ ಪಡುವುದಕ್ಕೆ ಜಾಗವೇ ಇರಲಿಲ್ಲ. ಜೊತೆಗೆ ಆ ಕಾಲದ ಜನ ಪ್ರಸಾದ ಸ್ವೀಕರಿಸುತ್ತಿದ್ದದ್ದೇ ಅಪರೂಪ. ವರ್ಷಕ್ಕೆ ಒಂದು ಸಲವಾದರೂ, ಪಾಸ್ಕ (ಈಸ್ಟರ್) ಹಬ್ಬದ ಹೊತ್ತಿಗೆ ಸ್ವೀಕರಿಸಿ ಎಂದು 1215ರಲ್ಲಿ ಬಿಷಪರು ಸೇರಿದ ಲ್ಯಾಟರನ್ ಮಹಾಸಭೆ ಆಜ್ಞೆ ಮಾಡಬೇಕಾಯಿತು ಎಂದರೆ ಪರಿಸ್ಥಿತಿ ಊಹಿಸಿ.

ಸುಮಾರು ಇಪ್ಪತ್ತು ವರ್ಷ ಜೂಲಿಯಾನಾ ಇದನ್ನು ಯಾರಿಗೂ ಹೇಳಲಿಲ್ಲ. ಮಠದ ಮುಖ್ಯಸ್ಥೆಯಾದ ಮೇಲೆ ಗೆಳತಿ ಈವಾ ಮತ್ತು ಇಸಬೆಲ್ಲಾ ಹತ್ತಿರ ಬಾಯಿಬಿಟ್ಟರು. ಈವಾ ಸಂತ ಮಾರ್ಟಿನ್ ದೇವಾಲಯದ ಪಕ್ಕದ ಕೋಣೆಯಲ್ಲಿ ಏಕಾಂತವಾಸ ಮಾಡುತ್ತಿದ್ದವರು. ಅದೇ ದೇವಾಲಯದ ಜಾನ್ ಎಂಬ ಗುರುಗಳು ಈ ವಿಷಯವನ್ನು ದೇವಶಾಸ್ತ್ರ ಬಲ್ಲವರ ಮುಂದಿಟ್ಟರು. ಅವರಲ್ಲಿ ಜಾಕ್ ಪಾಂತಾಲಿಯೋನ್ ಎಂಬವರೂ ಇದ್ದರು, ಆ ಹೆಸರು ನೆನಪಿಟ್ಟುಕೊಳ್ಳಿ. 1246ರಲ್ಲಿ ಲಿಯೇಜಿನ ಬಿಷಪ್ ರಾಬರ್ಟ್ ತಮ್ಮ ಧರ್ಮಪ್ರಾಂತ್ಯದಲ್ಲಿ ಹಬ್ಬ ಆಚರಿಸಲು ಹೇಳಿದರು. ಅದೇ ವರ್ಷ ತೀರಿಕೊಂಡರು.

ಅಲ್ಲಿಂದ ಜೂಲಿಯಾನಾಗೆ ಕಷ್ಟ ಶುರು. ಮಠದೊಳಗಿನ ವಿರೋಧಿಗಳಿಗೆ ಈಗ ತಡೆಯಿರಲಿಲ್ಲ. 1248ರಲ್ಲಿ ಅವರು ಕೆಲವು ಸಂಗಾತಿಗಳೊಂದಿಗೆ ಮಠ ಬಿಟ್ಟು ಹೊರಟರು. ಮುಂದಿನ ಹತ್ತು ವರ್ಷ ಬದುಕಿದ್ದು ಬೇರೆಯವರ ಆಶ್ರಯದಲ್ಲಿ. 1258ರ ಏಪ್ರಿಲ್ 5ರಂದು ಫೋಸ್ ಎಂಬ ಊರಿನಲ್ಲಿ, ಕೋಣೆಯಲ್ಲಿ ಇರಿಸಿದ್ದ ಪರಮಪ್ರಸಾದವನ್ನು ನೋಡುತ್ತಲೇ ಪ್ರಾಣ ಬಿಟ್ಟರು ಎಂದು ಅವರ ಚರಿತ್ರೆ ಹೇಳುತ್ತದೆ. ಇದನ್ನು ಓದುವಾಗ ಪ್ರತಿ ಸಲ ನನ್ನ ಮನಸ್ಸು ಭಾರವಾಗುತ್ತದೆ, ಏಕೆಂದರೆ ಇನ್ನು ಮೂರೇ ವರ್ಷಕ್ಕೆ ಆ ಜಾಕ್ ಪಾಂತಾಲಿಯೋನ್ ಪೋಪ್ ಆದರು. ಅವರೇ ನಾಲ್ಕನೇ ಉರ್ಬನ್.

1264ರ ಆಗಸ್ಟ್‌ನಲ್ಲಿ ಅವರು ಹಬ್ಬದ ಆಜ್ಞೆ ಹೊರಡಿಸಿದರು. ಪ್ರಾರ್ಥನೆ, ಗೀತೆಗಳನ್ನು ರಚಿಸಿದವರು ಸಂತ ತೋಮಸ್ ಅಕ್ವಿನಾಸ್. ಇನ್ನೂ ಬದುಕಿದ್ದ ಈವಾ ಅವರಿಗೆ ಪೋಪ್ ಸ್ವತಃ ಪತ್ರ ಬರೆದು ತಿಳಿಸಿದರು. ಆದರೆ ಅಕ್ಟೋಬರ್‌ನಲ್ಲಿ ಉರ್ಬನ್ ಕೂಡ ತೀರಿಕೊಂಡು, ಆಜ್ಞೆ ಸುಮಾರು ಅರ್ಧ ಶತಮಾನ ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. ವಿಯೆನ್ ಮಹಾಸಭೆಯ ಕಾಲದಲ್ಲಿ ಪೋಪ್ ಐದನೇ ಕ್ಲೆಮೆಂಟ್ ಅದಕ್ಕೆ ಮತ್ತೆ ಜೀವ ಕೊಟ್ಟರು, 1317ರಲ್ಲಿ ಇಪ್ಪತ್ತೆರಡನೇ ಜಾನ್ ಪ್ರಕಟಿಸಿದ ಮೇಲೆ ಎಲ್ಲೆಡೆ ಹರಡಿತು. ಈ ಹಬ್ಬದಲ್ಲಿ ನಡೆಯುವ ಮೆರವಣಿಗೆಯ ಮಾತು ಉರ್ಬನ್ ಆಜ್ಞೆಯಲ್ಲಿ ಇಲ್ಲ, ಅದು ಊರೂರುಗಳಲ್ಲಿ ತಾನಾಗಿ ಬೆಳೆದದ್ದು. ಮಂಗಳೂರಿನಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಪರಮಪ್ರಸಾದದ ಮೆರವಣಿಗೆ ಬೇರೆ ದಿನದ್ದಾದರೂ ಅದೇ ಭಕ್ತಿಯದು.

ಪೋಪ್ ಒಂಬತ್ತನೇ ಪಿಯುಸ್ ಜೂಲಿಯಾನಾ ಅವರ ಸಂತಪದವಿಯನ್ನು ಅಧಿಕೃತಗೊಳಿಸಿದ್ದು 1869ರಲ್ಲಿ, ಅವರು ತೀರಿಕೊಂಡು ಆರುನೂರು ವರ್ಷ ಕಳೆದ ಮೇಲೆ.