ಕೋಚ್ ಬೇಕಾ? ಮಾತು ಕೇಳಿದ್ದು ಸಾಕು, ಕೆಲಸ ಮಾಡಿಸಿ ನೋಡಿ

ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳಿಗೆ ಹೆಡ್ ಕೋಚ್ ಹುಡುಕಿಕೊಡುವುದು ನನ್ನ ಕೆಲಸ. ಮಾಲೀಕರು ಮೊದಲು ಕೇಳುವುದು ಒಂದೇ: "ಎಷ್ಟು ಮ್ಯಾಚ್ ಗೆದ್ದಿದ್ದಾರೆ?" ಕೇಳಲಿ, ತಪ್ಪೇನಿಲ್ಲ. ಆದರೆ ಆ ಲೆಕ್ಕವನ್ನು ನಾನು ಕೊನೆಗೆ ನೋಡುತ್ತೇನೆ.

ಗ್ರೆಗ್ ಪೊಪೊವಿಚ್ 1996ರ ಡಿಸೆಂಬರ್‌ನಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕೋಚ್ ಆದರು. ತಂಡದ ದೊಡ್ಡ ಆಟಗಾರ ಡೇವಿಡ್ ರಾಬಿನ್ಸನ್ ಗಾಯಗೊಂಡಿದ್ದರು. ಆ ಸೀಸನ್‌ನಲ್ಲಿ ಪೊಪೊವಿಚ್ ಗೆದ್ದಿದ್ದು 17, ಸೋತಿದ್ದು 47. ಮುಂದಿನ ವರ್ಷ ಟಿಮ್ ಡಂಕನ್ ಎಂಬ ಹೊಸ ಆಟಗಾರ ಬಂದರು. 1999ರಲ್ಲಿ ಚಾಂಪಿಯನ್‌ಶಿಪ್ ಬಂತು, ಆಮೇಲೆ ಇನ್ನೂ ನಾಲ್ಕು. ಇನ್ನೊಂದು ಕಡೆ, 2018ರಲ್ಲಿ ಟೊರೊಂಟೊ ರಾಪ್ಟರ್ಸ್ 59 ಮ್ಯಾಚ್ ಗೆದ್ದ ಡ್ವೇನ್ ಕೇಸಿಯವರನ್ನು ತೆಗೆದುಹಾಕಿತು. ಅದೇ ಸೀಸನ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿಯೂ ಅವರಿಗೇ ಬಂತು! ಅವರ ಜಾಗಕ್ಕೆ ಬಂದ ನಿಕ್ ನರ್ಸ್ ಬ್ರಿಟನ್ನಿನ ಲೀಗ್‌ನಲ್ಲಿ, ಆಮೇಲೆ ಅಮೆರಿಕದ ಕೆಳಗಿನ ಲೀಗ್‌ನಲ್ಲಿ ವರ್ಷಗಟ್ಟಲೆ ದುಡಿದವರು. 2019ರಲ್ಲಿ ಅವರು ಕಪ್ ಗೆದ್ದರು. ನರ್ಸ್ ಕೋಚ್ ಆದ 2018ರ ಬೇಸಿಗೆಯಲ್ಲೇ ಸ್ಟಾರ್ ಆಟಗಾರ ಕವಾಯ್ ಲೆನರ್ಡ್ ಕೂಡ ತಂಡಕ್ಕೆ ಬಂದಿದ್ದರು, ಅದನ್ನೂ ಮರೆಯಬಾರದು. ಗೆಲುವಿನ ಲೆಕ್ಕದಲ್ಲಿ ಕೋಚ್ ಪಾಲೆಷ್ಟು, ಆಟಗಾರರ ಪಾಲೆಷ್ಟು ಅಂತ ಬಿಡಿಸಿ ನೋಡುವುದು ಕಷ್ಟ.

ಹಾಗಾಗಿ ನಾನು ಕೆಲಸ ಮಾಡಿಸಿ ನೋಡುತ್ತೇನೆ. ಕೈಗೆ ಬೋರ್ಡ್, ಮಾರ್ಕರ್ ಕೊಡುತ್ತೇನೆ. ಸನ್ನಿವೇಶ ಹೀಗೆ: ಕೊನೆಯ ಕ್ವಾರ್ಟರ್, ಒಂದು ಪಾಯಿಂಟ್ ಹಿಂದಿದ್ದೇವೆ, 38 ಸೆಕೆಂಡ್ ಬಾಕಿ, ಬಾಲ್ ನಮ್ಮದು, ಈಗಷ್ಟೇ ಟೈಮ್‌ಔಟ್ (ಆಟ ನಿಲ್ಲಿಸಿ ಮಾತಾಡುವ ಬಿಡುವು) ತೆಗೆದುಕೊಂಡಿದ್ದೇವೆ. ಕೋಣೆಯಲ್ಲಿರುವ ಐದು ಜನರನ್ನು ಆಟಗಾರರು ಅಂದುಕೊಂಡು ಮಾತಾಡಿ ಅನ್ನುತ್ತೇನೆ. ಗಡಿಯಾರ ಓಡುತ್ತಿರುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಟೈಮ್‌ಔಟ್ ಒಂದು ನಿಮಿಷ, ಎನ್‌ಬಿಎಯಲ್ಲಿ 75 ಸೆಕೆಂಡ್. ಆಟಗಾರರು ಬಂದು ಕೂತು ನೀರು ಕುಡಿಯುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಉಳಿದಿದ್ದರಲ್ಲಿ ಎರಡು ಮಾತು ಹೇಳಬಹುದು, ಮೂರನೆಯದು ಯಾರ ತಲೆಗೂ ಹೋಗುವುದಿಲ್ಲ.

ಒಳ್ಳೆಯ ಕೋಚ್ ಮೊದಲು ಗಡಿಯಾರದ ಲೆಕ್ಕ ಹಾಕುತ್ತಾರೆ. 32 ಸೆಕೆಂಡ್ ಇರುವಾಗಲೇ ಶಾಟ್ ಹೊಡೆದರೆ, ಎದುರಾಳಿ ಶಾಟ್ ಹೊಡೆಯಲು ತಮಗಿರುವ 24 ಸೆಕೆಂಡನ್ನೂ ಪೂರ್ತಿ ಬಳಸಿಕೊಂಡರೂ ನಮಗೆ ಇನ್ನೊಂದು ಅವಕಾಶ ಸಿಗುತ್ತದೆ. ಇದಕ್ಕೇ ಟು ಫಾರ್ ಒನ್ ಅನ್ನುವುದು. ಆಮೇಲೆ ಬಾಲ್ ಒಳಗೆ ಎಸೆಯುವವರು ಯಾರು, ಮೊದಲ ಪಾಸ್ ಮುಚ್ಚಿಹೋದರೆ ಏನು, ಶಾಟ್ ತಪ್ಪಿದರೆ ಹಿಂದಕ್ಕೆ ಓಡುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಕೊಡುವವರು ಕಡಿಮೆ. ಕೆಲವರು ಬೋರ್ಡ್ ತುಂಬಾ ಬಾಣ ಬರೆಯುತ್ತಾರೆ, ಒಬ್ಬರ ಮುಖವನ್ನೂ ನೋಡುವುದಿಲ್ಲ. ಐವತ್ತು ಸ್ಲೈಡ್ ಮಾಡಿಕೊಂಡು ಬರುವವರ ಬಗ್ಗೆಯೂ ನನಗೆ ಸ್ವಲ್ಪ ಅನುಮಾನ. ಸ್ಲೈಡ್ ಯಾರು ಬೇಕಾದರೂ ಮಾಡಿಕೊಡುತ್ತಾರೆ, ಅಲ್ವಾ?

ಬೇರೆ ಲೀಗ್‌ನಿಂದ ಬರುವವರಾದರೆ ನಿಯಮದ ಬಗ್ಗೆಯೂ ಕೇಳಲೇಬೇಕು. ಎನ್‌ಬಿಎಯಲ್ಲಿ ಆಟಗಾರ ಬಾಲ್ ಹಿಡಿದುಕೊಂಡೇ ಟೈಮ್‌ಔಟ್ ಕೇಳಬಹುದು. ಅಂತರರಾಷ್ಟ್ರೀಯ ನಿಯಮದಲ್ಲಿ ಕೋಚ್ ಕಡೆಯಿಂದ ಸ್ಕೋರ್ ಬರೆಯುವವರ ಮೇಜಿಗೆ ಹೇಳಬೇಕು, ಆಟ ನಿಂತಾಗ ಅಥವಾ ಎದುರಾಳಿ ಬಾಸ್ಕೆಟ್ ಹಾಕಿದಾಗ ಮಾತ್ರ ಸಿಗುತ್ತದೆ. ಓದಿದರೆ ಸಣ್ಣ ವ್ಯತ್ಯಾಸ. ಆದರೆ ಕೊನೆಯ ಕ್ಷಣದ ಆಟ ಪೂರ್ತಿ ಬದಲಾಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ: ಯಾವ ತಂಡಕ್ಕೆ ಕೋಚ್? ಡೇವಿಡ್ ಬ್ಲಾಟ್ 2014ರಲ್ಲಿ ಮಕಾಬಿ ಟೆಲ್ ಅವೀವ್ ತಂಡಕ್ಕೆ ಯುರೋಪಿನ ದೊಡ್ಡ ಲೀಗ್ ಯೂರೋಲೀಗ್ ಗೆದ್ದುಕೊಟ್ಟು ಎನ್‌ಬಿಎಯ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದರು. ಸಹಿ ಹಾಕಿದಾಗ ಇದ್ದದ್ದು ಹುಡುಗರ ತಂಡ. ಕೆಲವೇ ವಾರಗಳಲ್ಲಿ ದೊಡ್ಡ ಸ್ಟಾರ್ ಲೆಬ್ರಾನ್ ಜೇಮ್ಸ್ ಆ ತಂಡಕ್ಕೆ ವಾಪಸ್ ಬಂದರು. ಅಲ್ಲಿಗೆ ಕೆಲಸವೇ ಬೇರೆ ಆಯಿತು. ಮೊದಲ ವರ್ಷವೇ ತಂಡ ಫೈನಲ್ ಆಡಿತು. ಆದರೂ 2016ರ ಜನವರಿಯಲ್ಲಿ, 30 ಗೆಲುವು 11 ಸೋಲು ಇದ್ದಾಗಲೇ, ಬ್ಲಾಟ್ ಕೆಲಸ ಹೋಯಿತು. ಅವರ ಅಸಿಸ್ಟೆಂಟ್ ಆಗಿದ್ದ ಟೈರನ್ ಲೂ ಅದೇ ಸೀಸನ್‌ನಲ್ಲಿ ಚಾಂಪಿಯನ್ ಆದರು. ಬ್ಲಾಟ್ ಕೆಟ್ಟ ಕೋಚ್ ಅಂತ ಇದರಿಂದ ಹೇಳೋಕಾಗಲ್ಲ. ಹುಡುಗರನ್ನು ಬೆಳೆಸುವುದು ಒಂದು ಕೆಲಸ, ದೊಡ್ಡ ಸ್ಟಾರ್‌ಗೆ 'ಇಲ್ಲ' ಅನ್ನುವುದು ಇನ್ನೊಂದು. ನಿಮಗೆ ಬೇಕಾಗಿದ್ದು ಯಾವುದು ಅಂತ ಜಾಹೀರಾತು ಕೊಡುವ ಮೊದಲೇ ತೀರ್ಮಾನವಾಗಬೇಕು.

ನಾನು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ. "ನಿಮ್ಮ ಕೈಕೆಳಗಿನವರು ಕೊಟ್ಟ ಯಾವ ಐಡಿಯಾ ಬಳಸಿದ್ದೀರಿ? ಅದು ಯಾರದ್ದು?" 2015ರ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಒಂದು ಮ್ಯಾಚ್ ಗೆದ್ದು ಎರಡು ಸೋತು ಹಿಂದಿತ್ತು. ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್ ಬದಲು ಆಂದ್ರೆ ಇಗ್ವೊಡಾಲಾ ಅವರನ್ನು ಮೊದಲ ಐವರಲ್ಲಿ ಇಳಿಸೋಣ ಅಂದಿದ್ದು ನಿಕ್ ಯುರೆನ್ ಎಂಬ ಯುವ ಸಹಾಯಕ. ಹಳೆಯ ಮ್ಯಾಚ್‌ಗಳ ವಿಡಿಯೋ ನೋಡಿ ಅವರಿಗೆ ಅದು ಹೊಳೆದಿತ್ತು. ಹೆಡ್ ಕೋಚ್ ಸ್ಟೀವ್ ಕೆರ್ ಒಪ್ಪಿದರು, ಮುಂದಿನ ಮೂರೂ ಮ್ಯಾಚ್ ಗೆದ್ದರು, ಐಡಿಯಾ ಯಾರದ್ದು ಅಂತ ಎಲ್ಲರ ಮುಂದೆ ಹೇಳಿದರು. ಕೆರ್‌ಗೆ ಅದು ಕೋಚ್ ಆಗಿ ಮೊದಲ ವರ್ಷ. ಅನುಭವದ ಕೊರತೆಯನ್ನು ಅವರು ಆಲ್ವಿನ್ ಜೆಂಟ್ರಿ, ರಾನ್ ಆಡಮ್ಸ್‌ರಂಥ ಹಿರಿಯ ಅಸಿಸ್ಟೆಂಟ್‌ಗಳಿಂದ ತುಂಬಿಕೊಂಡಿದ್ದರು. ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಡುವವರನ್ನು ನಾನು ಎರಡನೇ ಸುತ್ತಿಗೆ ಕರೆಯುತ್ತೇನೆ. "ನಾವೆಲ್ಲ ಒಂದೇ ಕುಟುಂಬ" ಅನ್ನುವವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಹೆಸರಾಂತ ಆಟಗಾರರಾಗಿದ್ದರಾ ಅನ್ನುವುದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಯಲ್ಲಿ ಆಡಿದವರೇ ಅಲ್ಲ. 1995ರಲ್ಲಿ ಮಯಾಮಿ ಹೀಟ್‌ನ ವಿಡಿಯೋ ಕೋಣೆಗೆ ಸೇರಿದರು, 2008ರಲ್ಲಿ ಹೆಡ್ ಕೋಚ್ ಆದರು, ಎರಡು ಕಪ್ ಗೆದ್ದರು.

ಶಿಫಾರಸು ಕೊಟ್ಟವರಿಗೆ ಫೋನ್ ಮಾಡಿದರೆ ಹೊಗಳಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಆ ಕೋಚ್ ಕೈಕೆಳಗೆ ಬೆಂಚ್ ಮೇಲೆ ಕೂತು ಸೀಸನ್ ಕಳೆದ ಆಟಗಾರನಿಗೆ ಮಾಡಿ. "ಯಾಕೆ ಆಡಿಸ್ತಿಲ್ಲ ಅಂತ ಅವರು ನಿಮಗೆ ಹೇಳಿದ್ರಾ?" ಅಂತಷ್ಟೇ ಕೇಳಿ. "ಹೇಳಿದ್ರು, ನನಗೆ ಬೇಜಾರಾಯ್ತು, ಆದ್ರೆ ಹೇಳಿದ್ರು" ಅನ್ನುವ ಉತ್ತರಕ್ಕಿಂತ ಒಳ್ಳೆಯ ಪ್ರಮಾಣಪತ್ರ ನಾನು ನೋಡಿಲ್ಲ.

ಇನ್ನು ಒಪ್ಪಂದ. ಸಂಬಳ, ಅವಧಿಯ ಜೊತೆಗೆ ಎರಡು ವಿಷಯ ಸ್ಪಷ್ಟವಾಗಿ ಬರೆಸಿ. ಅಸಿಸ್ಟೆಂಟ್‌ಗಳನ್ನು ಆರಿಸುವವರು ಯಾರು? ದುಬಾರಿ ಬೆಲೆಗೆ ತಂದ ಆಟಗಾರನನ್ನು ಬೆಂಚ್ ಮೇಲೆ ಕೂರಿಸುವ ಅಧಿಕಾರ ಯಾರಿಗೆ? ಎರಡನೆಯ ಸಾಲು ಬರೆಯಲು ಮಾಲೀಕರು ಹಿಂದೇಟು ಹಾಕಿದರೆ ಹುಡುಕಾಟವನ್ನು ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಪಟ್ಟಿಯಲ್ಲಿ ಮೇಲಿರುವ ಇಬ್ಬರು ಮೂವರು ಆ ಸಾಲಿಲ್ಲದೆ ಹೇಗೂ ಸಹಿ ಹಾಕುವುದಿಲ್ಲ.